ಖಾಸಗಿ ಕ್ಲಬ್ಬು, ಸಾರ್ವಜನಿಕ ಗ್ಯಾಲರಿ: ಫಾರೆಸ್ಟ್ ಹಿಲ್ಸ್ ಬಿದ್ದು ಎದ್ದ ಬಗೆ

ಪ್ರಶ್ನೆ: ನಮ್ಮ ಜಿಲ್ಲಾ ಕೇಂದ್ರದ ಟೆನಿಸ್ ಕ್ಲಬ್ಬಿಗೆ ಹೆಚ್ಚುಕಡಿಮೆ ತೊಂಬತ್ತು ವರ್ಷ. ಆಡುವ ಸದಸ್ಯರು ಕಡಿಮೆಯಾಗಿದ್ದಾರೆ, ಹಳೆಯ ಗ್ಯಾಲರಿ ಬಿರುಕು ಬಿಟ್ಟಿದೆ. ಗ್ಯಾಲರಿಯ ಜಾಗವನ್ನು ಬಿಲ್ಡರ್ ಒಬ್ಬರಿಗೆ ಕೊಟ್ಟು, ಬಂದ ಹಣದಲ್ಲಿ ಉಳಿದದ್ದನ್ನು ಸರಿಪಡಿಸೋಣ ಎನ್ನುವುದು ಒಂದು ಗುಂಪಿನ ವಾದ. ಪಾರಂಪರಿಕ ಕಟ್ಟಡವೆಂಬ ಮಾನ್ಯತೆ ಪಡೆದು ಎಲ್ಲವನ್ನೂ ಉಳಿಸಿಕೊಳ್ಳೋಣ ಎನ್ನುವುದು ಇನ್ನೊಂದು ಗುಂಪಿನ ವಾದ. ವಿಚಿತ್ರವೆಂದರೆ ಎರಡೂ ಗುಂಪಿನವರು ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಟೆನಿಸ್ ಕ್ಲಬ್ಬಿನ ಉದಾಹರಣೆಯನ್ನೇ ಮುಂದಿಡುತ್ತಾರೆ. ಆ ಕ್ಲಬ್ಬಿನಲ್ಲಿ ನಿಜವಾಗಿ ನಡೆದದ್ದೇನು? ಅದರಿಂದ ನಮಗೆ ಉಪಯೋಗವಾಗುವಂಥದ್ದು ಏನಾದರೂ ಇದೆಯೇ?

ಉತ್ತರ: ನಿಮ್ಮ ಎರಡೂ ಗುಂಪಿನವರು ಆ ಕ್ಲಬ್ಬಿನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಹೇಳುತ್ತಿರುವಂತೆ ತೋರುತ್ತದೆ. ವೆಸ್ಟ್ ಸೈಡ್ ಟೆನಿಸ್ ಕ್ಲಬ್ ಎಂಬುದು ಅದರ ಅಧಿಕೃತ ಹೆಸರು; ಫಾರೆಸ್ಟ್ ಹಿಲ್ಸ್ ಎಂಬುದು ಅದು ಇರುವ ಬಡಾವಣೆ. ಆ ಕ್ಲಬ್ಬು ತನ್ನ ಕ್ರೀಡಾಂಗಣವನ್ನು ಬಿಲ್ಡರುಗಳಿಗೆ ಮಾರಲಿಲ್ಲ. ಪಾರಂಪರಿಕ ಕಟ್ಟಡವೆಂಬ ಮಾನ್ಯತೆ ಅದಕ್ಕೆ ಸಿಗಲೂ ಇಲ್ಲ. ಟೆನಿಸ್ಸಿಗೆಂದು ಬಂದವರಲ್ಲದ, ಕ್ಲಬ್ಬಿನ ಸದಸ್ಯರೂ ಅಲ್ಲದ, ಟಿಕೆಟ್ ಕೊಂಡು ಒಳಗೆ ಬಂದ ಸಾವಿರಾರು ಜನ ಅದನ್ನು ಉಳಿಸಿದರು. ಇದು ಆಕಸ್ಮಿಕವಲ್ಲ. ಆ ಕ್ಲಬ್ಬಿನ ಹೆಸರು ಮೊದಲಿನಿಂದಲೂ ಬೆಳೆದದ್ದು ಹೊರಗಿನವರಿಂದಲೇ, ಕೆಟ್ಟದ್ದು ಹೊರಗಿನವರಿಗೆ ಬಾಗಿಲು ಹಾಕಿದಾಗಲೇ. ಖಾಸಗಿ ಕ್ಲಬ್ಬೊಂದು ಸಾರ್ವಜನಿಕ ಗ್ಯಾಲರಿಯನ್ನು ಕಟ್ಟಿಕೊಂಡರೆ ಏನಾಗುತ್ತದೆ ಎಂಬುದೇ ಅದರ ನೂರಮೂವತ್ತು ವರ್ಷಗಳ ಚರಿತ್ರೆ ಎಂದು ನಾನು ಓದಿಕೊಂಡಿದ್ದೇನೆ.

1892ರಲ್ಲಿ ಹದಿಮೂರು ಮಂದಿ ಸೇರಿ ಮ್ಯಾನ್‌ಹಟನ್ನಿನ ಸೆಂಟ್ರಲ್ ಪಾರ್ಕಿನ ಪಶ್ಚಿಮಕ್ಕೆ, 88 ಮತ್ತು 89ನೆಯ ಬೀದಿಗಳ ನಡುವೆ ಒಂದು ಜಾಗವನ್ನು ಬಾಡಿಗೆಗೆ ಹಿಡಿದು ಮೂರು ಅಂಕಣಗಳನ್ನು ಮಾಡಿಕೊಂಡರು. ಊರು ಬೆಳೆಯಿತು, ನೆಲದ ಬೆಲೆ ಏರಿತು. 1902ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಮೀಪದ 117ನೆಯ ಬೀದಿಗೂ, 1908ರಲ್ಲಿ ಇನ್ನೂ ಉತ್ತರದ 238ನೆಯ ಬೀದಿಗೂ ಕ್ಲಬ್ಬು ಗಂಟುಮೂಟೆ ಕಟ್ಟಬೇಕಾಯಿತು. ಬಾಡಿಗೆ ನೆಲದ ಮೇಲಿನ ಕ್ಲಬ್ಬಿಗೆ ನೆಲದ ಬೆಲೆಯೇ ಶತ್ರು ಎಂಬ ಪಾಠವನ್ನು ಅದು ಹುಟ್ಟಿದ ಮೊದಲ ಎರಡು ದಶಕಗಳಲ್ಲಿಯೇ ಕಲಿತಿತ್ತು. ಈ ಅಂಶವನ್ನು ನೆನಪಿನಲ್ಲಿಡಿ. ನೂರು ವರ್ಷಗಳ ಬಳಿಕ ಅದೇ ಶತ್ರು ಮತ್ತೆ ಬಾಗಿಲಿಗೆ ಬಂದಾಗ ಕ್ಲಬ್ಬು ಬೇರೆಯೇ ಉತ್ತರ ಕೊಡುವ ಸ್ಥಿತಿಯಲ್ಲಿತ್ತು.

1911ರಲ್ಲಿ ದೇಶಗಳ ತಂಡಗಳ ನಡುವಣ ಡೇವಿಸ್ ಕಪ್ ಪಂದ್ಯವೊಂದನ್ನು ಈ ಕ್ಲಬ್ಬು ನಡೆಸಿಕೊಟ್ಟಿತು. ನೋಡಲು ಸುಮಾರು ಮೂರು ಸಾವಿರ ಜನ ಬಂದರು. ಸದಸ್ಯರಿಗಷ್ಟೇ ಸಾಕಾಗಿದ್ದ ಜಾಗ ಪ್ರೇಕ್ಷಕರಿಗೆ ಸಾಲದೆಂಬುದು ಆಗ ಸ್ಪಷ್ಟವಾಯಿತು. ನೆಲದ ಬೆಲೆಗೆ ಮಣಿದು ಎರಡು ಬಾರಿ ಸ್ಥಳ ಬದಲಿಸಿದ್ದ ಕ್ಲಬ್ಬು ಮೂರನೆಯ ಬಾರಿ ಹೊರಟದ್ದು ನೋಡುವವರಿಗಾಗಿ. ಕ್ವೀನ್ಸ್ ಭಾಗದಲ್ಲಿ ಆಗಷ್ಟೇ ರೂಪುಗೊಳ್ಳುತ್ತಿದ್ದ ಫಾರೆಸ್ಟ್ ಹಿಲ್ಸ್ ಗಾರ್ಡನ್ಸ್ ಎಂಬ ಬಡಾವಣೆಯ ಪಕ್ಕದಲ್ಲಿ ಅದು ಸ್ವಂತ ನೆಲವನ್ನು ಕೊಂಡಿತು. ಬಡಾವಣೆಯ ವಾಸ್ತುಶಿಲ್ಪಿ ಗ್ರಾವ್ನರ್ ಅಟರ್‌ಬರಿಯ ಕೈಯಲ್ಲಿಯೇ ಟ್ಯೂಡರ್ ಶೈಲಿಯ, ಮರದ ಚೌಕಟ್ಟು ಕಾಣುವ ಗೋಡೆಗಳ, ಇಳಿಜಾರು ಮಾಡಿನ ಕ್ಲಬ್ ಭವನ ಎದ್ದಿತು. ಇಂದಿಗೂ ಆ ಭವನ ಅಲ್ಲಿಯೇ ಇದೆ. ಬಡಾವಣೆಯ ರಸ್ತೆಗಳು ಸರ್ಕಾರದವಲ್ಲ, ನಿವಾಸಿಗಳ ನಿಗಮಕ್ಕೆ ಸೇರಿದ ಖಾಸಗಿ ರಸ್ತೆಗಳು ಎಂಬ ವಿವರ ಆಗ ಯಾರಿಗೂ ಮುಖ್ಯವೆನಿಸಿರಲಾರದು. ಈಗ ಕ್ಲಬ್ಬಿನ ಭವಿಷ್ಯವೇ ಆ ವಿವರದ ಸುತ್ತ ತಿರುಗುತ್ತಿದೆ. ಅದನ್ನು ಮುಂದೆ ಹೇಳುತ್ತೇನೆ.

ಹೊಸ ನೆಲದಲ್ಲಿ ನಡೆದ ಮೊದಲ ದೊಡ್ಡ ಸಂದರ್ಭ 1914ರ ಆಗಸ್ಟಿನ ಡೇವಿಸ್ ಕಪ್ ಅಂತಿಮ ಸುತ್ತು. ಯುರೋಪಿನಲ್ಲಿ ಮಹಾಯುದ್ಧ ಆಗತಾನೆ ಆರಂಭವಾಗಿತ್ತು. ಅಮೆರಿಕದ ಮಾರಿಸ್ ಮೆಕ್‌ಲಾಕ್ಲಿನ್ ಆಸ್ಟ್ರಲೇಷ್ಯಾ (ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಜಂಟಿ) ತಂಡದ ನಾರ್ಮನ್ ಬ್ರೂಕ್ಸ್ ವಿರುದ್ಧ ಮೊದಲ ಸೆಟ್ಟನ್ನೇ 17–15ರಿಂದ ಗೆದ್ದ ಪಂದ್ಯವನ್ನು ತಾತ್ಕಾಲಿಕವಾಗಿ ಕಟ್ಟಿದ ಗ್ಯಾಲರಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ನೋಡಿದರು. ಕೊನೆಗೆ ಡೇವಿಸ್ ಕಪ್ ಆಸ್ಟ್ರಲೇಷ್ಯಾದ ಪಾಲಾಯಿತು. ಆ ತಂಡದ ಆಂಟನಿ ವೈಲ್ಡಿಂಗ್ ಮರುವರ್ಷ ಮೇ ತಿಂಗಳಿನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಸತ್ತರು. ಇಷ್ಟು ಜನ ಟೆನಿಸ್ ನೋಡಲು ಬರುತ್ತಾರೆಂದ ಮೇಲೆ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ಪು ನ್ಯೂಪೋರ್ಟಿನ ಸಿರಿವಂತರ ಬೇಸಿಗೆ ತಾಣದಲ್ಲಿಯೇ ಏಕೆ ಇರಬೇಕೆಂಬ ಪ್ರಶ್ನೆ ಎದ್ದಿತು. 1881ರಿಂದ ಅಲ್ಲಿ ನಡೆಯುತ್ತಿದ್ದ ಪುರುಷರ ಸಿಂಗಲ್ಸ್ 1915ರಲ್ಲಿ ಫಾರೆಸ್ಟ್ ಹಿಲ್ಸಿಗೆ ಬಂದಿತು. ನ್ಯೂಪೋರ್ಟಿಗೆ ಇದು ದೊಡ್ಡ ಪೆಟ್ಟು. ಅರವತ್ತಮೂರು ವರ್ಷಗಳ ನಂತರ ಫಾರೆಸ್ಟ್ ಹಿಲ್ಸ್ ಕೂಡ ಅಂಥದೇ ಪೆಟ್ಟನ್ನು ತಿನ್ನಬೇಕಾಯಿತು.

1923ರಲ್ಲಿ ಶಾಶ್ವತ ಕ್ರೀಡಾಂಗಣವಾಯಿತು. ಕೆನೆತ್ ಮರ್ಚಿಸನ್ ವಿನ್ಯಾಸದ, ಕುದುರೆ ಲಾಳದ ಆಕಾರದ ಈ ಕಾಂಕ್ರೀಟ್ ರಚನೆಯಲ್ಲಿ ಸುಮಾರು 14,000 ಜನ ಕೂರಬಹುದಿತ್ತು. ಖರ್ಚು ಎರಡೂವರೆ ಲಕ್ಷ ಡಾಲರಿನಷ್ಟು. ಅಮೆರಿಕ ಮತ್ತು ಬ್ರಿಟನ್ ಮಹಿಳೆಯರ ನಡುವಿನ ಮೊದಲ ವೈಟ್‌ಮನ್ ಕಪ್ ಪಂದ್ಯಗಳೊಂದಿಗೆ ಅದು ತೆರೆಯಿತು, ಅಮೆರಿಕ 7–0ರಿಂದ ಗೆದ್ದಿತು. ಕೆಲವು ನೂರು ಸದಸ್ಯರ ಖಾಸಗಿ ಕ್ಲಬ್ಬು ತನ್ನ ಅಗತ್ಯಕ್ಕಿಂತ ಹತ್ತಾರು ಪಟ್ಟು ದೊಡ್ಡ ಗ್ಯಾಲರಿಯನ್ನು ತನ್ನದೇ ನೆಲದಲ್ಲಿ ಕಟ್ಟಿಕೊಂಡ ಕ್ಷಣವಿದು. ವರ್ಷದಲ್ಲಿ ಒಂದೆರಡು ವಾರ ತುಂಬುವ, ಉಳಿದ ಕಾಲ ಖಾಲಿ ನಿಂತು ಸದಸ್ಯರ ಚಂದಾ ಹಣದಲ್ಲಿ ರಿಪೇರಿ ಬೇಡುವ ರಚನೆ ಅದು. ಹುಚ್ಚು ಸಾಹಸವೆಂದರೂ ಸರಿಯೇ. ಆದರೆ ಆ ಸಾಹಸವಿಲ್ಲದಿದ್ದರೆ ಈ ಕ್ಲಬ್ಬಿನ ಹೆಸರು ಇವತ್ತು ನಿಮ್ಮ ಸಭೆಗಳಲ್ಲಿ ಕೇಳಿಬರುತ್ತಿರಲಿಲ್ಲ.

ಆ ಕ್ರೀಡಾಂಗಣದಲ್ಲಿ ನಡೆದ ಆಟದ ವಿಷಯವನ್ನು ಹೇಳುತ್ತಾ ಹೋದರೆ ಬೇರೆ ಮಾತಿಗೆ ಜಾಗವಿರುವುದಿಲ್ಲ. ಒಂದೇ ವರ್ಷದಲ್ಲಿ ನಾಲ್ಕೂ ಪ್ರಮುಖ ಪ್ರಶಸ್ತಿಗಳನ್ನು ಗೆಲ್ಲುವ ಗ್ರ್ಯಾಂಡ್‌ಸ್ಲಾಮ್ ಸಾಧನೆ ಸಿಂಗಲ್ಸಿನಲ್ಲಿ, ಚಾಂಪಿಯನ್‌ಷಿಪ್ಪು ಇಲ್ಲಿದ್ದ ಕಾಲದಲ್ಲಿ, ಐದು ಬಾರಿ ಆಯಿತು: 1938ರಲ್ಲಿ ಡಾನ್ ಬಜ್, 1953ರಲ್ಲಿ ಮಾರೀನ್ ಕಾನಲಿ, 1962 ಮತ್ತು 1969ರಲ್ಲಿ ರಾಡ್ ಲೇವರ್, 1970ರಲ್ಲಿ ಮಾರ್ಗರೆಟ್ ಕೋರ್ಟ್. ಈ ಐದೂ ಸಲ ನಾಲ್ಕನೆಯ ಪ್ರಶಸ್ತಿ ದಕ್ಕಿದ್ದು ಫಾರೆಸ್ಟ್ ಹಿಲ್ಸಿನಲ್ಲಿ. 1969ರ ಫೈನಲ್‌ಗೆ ಮುನ್ನ ಮಳೆಯಿಂದ ತೊಯ್ದಿದ್ದ ಹುಲ್ಲನ್ನು ಒಣಗಿಸಲು ಹೆಲಿಕಾಪ್ಟರನ್ನು ಅಂಕಣದ ಮೇಲೆ ತೇಲಿಸಿದ್ದರೆಂಬುದು ಅಲ್ಲಿನವರು ಈಗಲೂ ಹೇಳುವ ಕಥೆ, ಮತ್ತು ನಿಜವಾದ ಕಥೆ. ನಮ್ಮ ವಿಜಯ್ ಅಮೃತರಾಜ್ 1973ರಲ್ಲಿ ಇದೇ ಲೇವರ್ ಅವರನ್ನು, ಮರುವರ್ಷ ಯುವಕ ಬ್ಯೋರ್ನ್ ಬೋರ್ಗ್ ಅವರನ್ನು ಐದು ಸೆಟ್ಟುಗಳಲ್ಲಿ ಸೋಲಿಸಿದ್ದು ಇಲ್ಲಿನ ಹುಲ್ಲಿನ ಮೇಲೆಯೇ; ಎರಡೂ ವರ್ಷ ಅವರ ಓಟ ಕ್ವಾರ್ಟರ್‌ಫೈನಲ್‌ನಲ್ಲಿ ಕೆನ್ ರೋಸ್‌ವಾಲ್ ಎದುರು ನಿಂತಿತು.

ಆದರೆ ಪರಂಪರೆಯ ಲೆಕ್ಕದಲ್ಲಿ ಜಮೆಯ ಜೊತೆಗೆ ಖರ್ಚೂ ಇರುತ್ತದೆ. ನೀವು ಪಾರಂಪರಿಕ ಮಾನ್ಯತೆಯ ಬಗ್ಗೆ ಮಾತನಾಡುತ್ತಿರುವುದರಿಂದ ಇದನ್ನು ಕೊಂಚ ವಿವರವಾಗಿಯೇ ಹೇಳಬೇಕು. 1950ರವರೆಗೆ ಈ ಚಾಂಪಿಯನ್‌ಷಿಪ್ಪಿನಲ್ಲಿ ಕಪ್ಪು ಜನಾಂಗದ ಆಟಗಾರರಿಗೆ ಪ್ರವೇಶವಿರಲಿಲ್ಲ. ನಿಯಮದ ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಅರ್ಹತೆಗೆ ಬೇಕಾದ ಪೂರ್ವಭಾವಿ ಟೂರ್ನಿಗಳು ಖಾಸಗಿ ಕ್ಲಬ್ಬುಗಳಲ್ಲಿ ನಡೆಯುತ್ತಿದ್ದವು, ಆ ಕ್ಲಬ್ಬುಗಳು ಕರೆಯುತ್ತಿರಲಿಲ್ಲ. ಮಾಜಿ ಚಾಂಪಿಯನ್ ಆಲಿಸ್ ಮಾರ್ಬಲ್ ಆ ವರ್ಷ ಜುಲೈನಲ್ಲಿ ಟೆನಿಸ್ ಪತ್ರಿಕೆಯೊಂದರಲ್ಲಿ ಈ ಕಪಟವನ್ನು ಹೆಸರಿಟ್ಟು ಖಂಡಿಸಿದರು. ಕಪ್ಪು ಜನಾಂಗದ ಆಟಗಾರ್ತಿ ಆಲ್ತಿಯಾ ಗಿಬ್ಸನ್ ಸೋಲುವುದಿದ್ದರೆ ಅಂಕಣದ ಮೇಲೆ ಸೋಲಲಿ, ಸಮಿತಿಯ ಕೋಣೆಯಲ್ಲಲ್ಲ ಎಂಬುದು ಅವರ ವಾದದ ಸಾರ. ಆಗಸ್ಟಿನಲ್ಲಿ ಗಿಬ್ಸನ್ ಫಾರೆಸ್ಟ್ ಹಿಲ್ಸಿನಲ್ಲಿ ಆಡಿದರು. ಮೊದಲ ಪಂದ್ಯಕ್ಕೆ ಅವರಿಗೆ ಸಿಕ್ಕಿದ್ದು ಮುಖ್ಯ ಕ್ರೀಡಾಂಗಣವಲ್ಲ, ಹೊರಗಿನ 14ನೆಯ ಅಂಕಣ. ಎರಡನೆಯ ಸುತ್ತಿನಲ್ಲಿ ವಿಂಬಲ್ಡನ್ ಚಾಂಪಿಯನ್ ಲೂಯಿಸ್ ಬ್ರೋ ಎದುರು ಮೂರನೆಯ ಸೆಟ್ಟಿನಲ್ಲಿ 7–6ರಿಂದ ಮುಂದಿದ್ದಾಗ ಗುಡುಗು ಮಳೆ ಸುರಿಯಿತು, ಸಿಡಿಲು ಬಡಿದು ಕ್ರೀಡಾಂಗಣದ ಮೇಲಿದ್ದ ಹದ್ದಿನ ಶಿಲ್ಪವೊಂದು ಉರುಳಿತು. ಮರುದಿನ ಬ್ರೋ 9–7ರಿಂದ ಗೆದ್ದರು. ಗಿಬ್ಸನ್ 1957 ಮತ್ತು 1958ರಲ್ಲಿ ಅದೇ ಅಂಗಳದಲ್ಲಿ ಚಾಂಪಿಯನ್ ಆದರು.

ಗಿಬ್ಸನ್ ಎರಡನೆಯ ಸಲ ಗೆದ್ದ ಮರುವರ್ಷ, 1959ರಲ್ಲಿ, ವಿಶ್ವಸಂಸ್ಥೆಯ ಹಿರಿಯ ಅಧಿಕಾರಿ, ನೊಬೆಲ್ ಶಾಂತಿ ಪುರಸ್ಕೃತ ರಾಲ್ಫ್ ಬಂಚ್ ತಮ್ಮ ಮಗನಿಗೆ ಸದಸ್ಯತ್ವ ಕೇಳಿದರು. ಆ ಹುಡುಗ ಅದೇ ಕ್ಲಬ್ಬಿನ ತರಬೇತುದಾರರಿಂದ ಆಟ ಕಲಿಯುತ್ತಿದ್ದ. ಕ್ಲಬ್ಬು ಕಪ್ಪು ಜನರನ್ನೂ ಯಹೂದ್ಯರನ್ನೂ ಸೇರಿಸಿಕೊಳ್ಳುವುದಿಲ್ಲವೆಂದು ಅಧ್ಯಕ್ಷರೇ ಬಾಯಿಬಿಟ್ಟು ಹೇಳಿದರು. ವಿಷಯ ಪತ್ರಿಕೆಗಳಿಗೆ ಹೋಯಿತು, ಊರೆಲ್ಲ ಗದ್ದಲವಾಯಿತು, ಅಧ್ಯಕ್ಷರು ರಾಜೀನಾಮೆ ಕೊಟ್ಟರು, ಕ್ಲಬ್ಬು ಕ್ಷಮೆ ಕೇಳಿ ಸದಸ್ಯತ್ವ ನೀಡಲು ಮುಂದಾಯಿತು. ಬಂಚ್ ಒಲ್ಲೆ ಎಂದರು. ತಮ್ಮ ಸ್ಥಾನಮಾನ ನೋಡಿ ಕೊಡುವ ವಿನಾಯಿತಿ ಸಮಾನತೆಯಾಗುವುದಿಲ್ಲ ಎಂಬುದು ಅವರ ನಿಲುವು. ಚಾಂಪಿಯನ್ನಳಾಗಿ ಗಿಬ್ಸನ್ ಬರಬಹುದು, ಚಂದಾ ಕಟ್ಟುವ ನೆರೆಯವನಾಗಿ ಬಂಚ್ ಬರಬಾರದು ಎಂಬುದು ಆ ದಿನಗಳ ಅಲಿಖಿತ ನಿಯಮ. ಪ್ರೇಕ್ಷಕರ ಹಣ ಬೇಕು, ಪ್ರೇಕ್ಷಕರಲ್ಲಿ ಕೆಲವರ ಸಹವಾಸ ಬೇಡ ಎಂಬ ಈ ಇಬ್ಬಂದಿತನ ಕ್ಲಬ್ಬಿನ ಹೆಸರಿಗೆ ಅಂಟಿಕೊಂಡು ಉಳಿಯಿತು. 1968ರಲ್ಲಿ ಈ ಚಾಂಪಿಯನ್‌ಷಿಪ್ಪು ಹಣಕ್ಕೆ ಆಡುವ ವೃತ್ತಿಪರರಿಗೂ ತೆರೆದುಕೊಂಡು ಮೊದಲ ಅಮೆರಿಕ ಓಪನ್ ಆಗಿ ಇಲ್ಲಿ ನಡೆದಾಗ ಪುರುಷರ ಪ್ರಶಸ್ತಿ ಗೆದ್ದವರು ಸೇನೆಯ ಲೆಫ್ಟಿನೆಂಟ್ ಆಗಿದ್ದ ಆರ್ಥರ್ ಆಶ್. ಹವ್ಯಾಸಿ ಆಟಗಾರರಾಗಿದ್ದ ಕಾರಣ ಅವರಿಗೆ ದಿನಭತ್ಯೆಯಷ್ಟೇ ಸಿಕ್ಕಿತು. 14,000 ಡಾಲರಿನ ಬಹುಮಾನ ಸೋತ ಟಾಮ್ ಓಕರ್ ಪಾಲಾಯಿತು.

ಓಪನ್ ಯುಗದ ಹತ್ತು ವರ್ಷಗಳಲ್ಲಿ ಕ್ಲಬ್ಬಿನ ಕೀರ್ತಿ ತುದಿ ಮುಟ್ಟಿತು. 1970ರಲ್ಲಿ ಸಮಬಲದಲ್ಲಿ ಎಳೆಯುವ ಸೆಟ್ಟನ್ನು ಕೆಲವೇ ಅಂಕಗಳಲ್ಲಿ ಮುಗಿಸುವ ಟೈಬ್ರೇಕರ್ ಪದ್ಧತಿಯನ್ನು ದೊಡ್ಡ ಟೂರ್ನಿಯೊಂದರಲ್ಲಿ ಮೊದಲು ಜಾರಿಗೆ ತಂದದ್ದು ಇಲ್ಲಿಯೇ. 1973ರಲ್ಲಿ ಪುರುಷ ಮತ್ತು ಮಹಿಳಾ ಚಾಂಪಿಯನ್ನರಿಗೆ ಸಮಾನ ಬಹುಮಾನವಾಗಿ ತಲಾ 25,000 ಡಾಲರ್ ಕೊಟ್ಟದ್ದೂ ಇಲ್ಲಿಯೇ. 1975ರಲ್ಲಿ ಹುಲ್ಲು ಹೋಗಿ ಹಾರ್‌ಟ್ರು ಎಂಬ ಹಸಿರು ಬಣ್ಣದ ಆವೆಮಣ್ಣಿನ ಅಂಕಣ ಬಂದಿತು, ರಾತ್ರಿ ಪಂದ್ಯಗಳಿಗೆ ದೀಪಗಳು ಬಂದವು. ಟೆನಿಸ್ ಮಾತ್ರ ಕ್ಲಬ್ಬಿನ ಗೋಡೆಗಳನ್ನು ಮೀರಿ ಬೆಳೆದಿತ್ತು. ಇಕ್ಕಟ್ಟಾದ ವಸತಿ ಬೀದಿಗಳು, ವಾಹನ ನಿಲುಗಡೆಗೆ ಇಲ್ಲದ ಜಾಗ, ಆಟಗಾರರಿಗೂ ಪತ್ರಕರ್ತರಿಗೂ ಸಾಲದ ಸೌಕರ್ಯ. ಅಮೆರಿಕ ಟೆನಿಸ್ ಸಂಸ್ಥೆಯ ಅಧ್ಯಕ್ಷ ಸ್ಲೂ ಹೆಸ್ಟರ್, ವಿಮಾನದ ಕಿಟಕಿಯಿಂದ ಕಂಡ ಹಳೆಯ ವಸ್ತುಪ್ರದರ್ಶನ ಮೈದಾನವೊಂದನ್ನು ಆರಿಸಿ, ಒಂದೇ ವರ್ಷದಲ್ಲಿ ಫ್ಲಶಿಂಗ್ ಮೆಡೋಸ್ ಕೇಂದ್ರವನ್ನು ಕಟ್ಟಿಸಿದರು. 1977ರಲ್ಲಿ ಗಿಯೆರ್ಮೊ ವಿಲಾಸ್ ಜಿಮ್ಮಿ ಕಾನರ್ಸ್ ಅವರನ್ನು ಸೋಲಿಸಿದ ಫೈನಲ್ಲೇ ಫಾರೆಸ್ಟ್ ಹಿಲ್ಸಿನ ಕೊನೆಯ ಅಮೆರಿಕ ಓಪನ್ ಪಂದ್ಯ. ಕೆಲವೇ ಕಿಲೋಮೀಟರ್ ದೂರದ ಈ ಹೊಸ ಕೇಂದ್ರ ಸಾರ್ವಜನಿಕ ಉದ್ಯಾನದಲ್ಲಿದೆ. ವರ್ಷದ ಬಹುಪಾಲು ದಿನ ಯಾರು ಬೇಕಾದರೂ ಅಲ್ಲಿ ಅಂಕಣ ಬಾಡಿಗೆ ಹಿಡಿದು ಆಡಬಹುದು. ಈ ಸ್ಥಳಾಂತರದಲ್ಲಿ ಕ್ಲಬ್ಬಿಗೆ ಅನ್ಯಾಯವಾಯಿತೆನ್ನುವವರನ್ನು ನಾನು ಒಪ್ಪುವುದಿಲ್ಲ.

ಆಮೇಲಿನದು ನಿಧಾನವಾದ ಇಳಿಜಾರು. ಎಂಬತ್ತರ ದಶಕದಲ್ಲಿ ವೃತ್ತಿಪರರ ಟೂರ್ನಿಯೊಂದು ಅಲ್ಲಿ ನಡೆಯುತ್ತಿತ್ತು, ಅದೂ ನಿಂತಿತು. 2004ರಿಂದ 2008ರವರೆಗೆ ಮಹಿಳೆಯರ ಸಣ್ಣ ಟೂರ್ನಿಯೊಂದು ಬಂದು ಹೋಯಿತು. ಗ್ಯಾಲರಿಯ ಕಾಂಕ್ರೀಟು ಉದುರತೊಡಗಿತು, ಮರದ ಬೆಂಚುಗಳು ಕೊಳೆತವು. ಕ್ಲಬ್ಬು ಸತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಹುಲ್ಲು, ಆವೆಮಣ್ಣು, ಹಾರ್‌ಟ್ರು, ಗಟ್ಟಿ ಅಂಕಣ ಎಲ್ಲ ಬಗೆಯವೂ ಸೇರಿ ನಲವತ್ತರ ಸಮೀಪದ ಅಂಕಣಗಳಲ್ಲಿ ಸದಸ್ಯರು ದಿನವೂ ಆಡುತ್ತಿದ್ದರು. ಬಿದ್ದದ್ದು ಕ್ರೀಡಾಂಗಣ. ಅದರ ಭಾರ ಕ್ಲಬ್ಬನ್ನು ಕೆಳಗೆಳೆಯುತ್ತಿತ್ತು.

2010ರಲ್ಲಿ ಕ್ರೀಡಾಂಗಣದ ಜಾಗದಲ್ಲಿ ವಸತಿ ಸಮುಚ್ಚಯ ಕಟ್ಟುವ ಪ್ರಸ್ತಾವ ಸದಸ್ಯರ ಮುಂದೆ ಬಂದಿತು. ನಿಮ್ಮ ಮೊದಲ ಗುಂಪಿನವರು ಹೇಳುವಂಥದೇ ತರ್ಕ: ಭಾರ ಇಳಿಯುತ್ತದೆ, ಹಣ ಬರುತ್ತದೆ, ಆಟ ಮುಂದುವರಿಯುತ್ತದೆ. ಸದಸ್ಯರು ಮತ ಹಾಕಿ ಅದನ್ನು ತಳ್ಳಿಹಾಕಿದರು. ಇಲ್ಲಿ ಶತಮಾನದ ಹಿಂದಿನ ಆ ನೆಲ ಖರೀದಿಯ ನಿರ್ಧಾರ ಫಲ ಕೊಟ್ಟಿತು. ಬಾಡಿಗೆ ನೆಲವಾಗಿದ್ದರೆ ಸದಸ್ಯರ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಮರುವರ್ಷ ನಗರದ ಪಾರಂಪರಿಕ ಸಂರಕ್ಷಣಾ ಆಯೋಗ ಕ್ರೀಡಾಂಗಣಕ್ಕೆ ಮಾನ್ಯತೆ ಕೊಡಲು ನಿರಾಕರಿಸಿತು. ಕಟ್ಟಡ ತೀರಾ ಶಿಥಿಲಗೊಂಡು ತನ್ನ ಮೂಲರೂಪದ ಗುಣವನ್ನು ಕಳೆದುಕೊಂಡಿದೆಯೆಂಬುದು ಕಾರಣ. ಮಾನ್ಯತೆ ಬಂದರೆ ರಿಪೇರಿ ಮಾಡಬಹುದೆಂದು ಕಾಯುತ್ತಾ ಕುಳಿತವರಿಗೆ, ರಿಪೇರಿ ಮಾಡದ ಕಾರಣಕ್ಕೇ ಮಾನ್ಯತೆ ತಪ್ಪುತ್ತದೆಂಬ ಕಟುವಾದ ಉತ್ತರ ಸಿಕ್ಕಿತು. ನಿಮ್ಮ ಎರಡನೆಯ ಗುಂಪಿನವರು ಈ ವಾಕ್ಯವನ್ನು ಎರಡು ಸಲ ಓದಲಿ ಎಂದು ನನ್ನ ಕೋರಿಕೆ.

ಹಾಗಾದರೆ ಉಳಿದ ದಾರಿ ಯಾವುದು? ಅದು ಕ್ಲಬ್ಬಿನ ಹಳೆಯ ಕಡತಗಳಲ್ಲಿಯೇ ಇತ್ತು. 1960ರ ದಶಕದಲ್ಲಿ ಟೆನಿಸ್ ಇಲ್ಲದ ಬೇಸಿಗೆಯ ರಾತ್ರಿಗಳಲ್ಲಿ ಈ ಕ್ರೀಡಾಂಗಣ ಸಂಗೀತೋತ್ಸವಕ್ಕೆ ತೆರೆದಿರುತ್ತಿತ್ತು. 1964ರ ಆಗಸ್ಟ್ 28 ಮತ್ತು 29ರಂದು ಬೀಟಲ್ಸ್ ಇಲ್ಲಿ ಹಾಡಿದ್ದರು. ಸರಿಯಾಗಿ ಒಂದು ವರ್ಷದ ನಂತರ ಜಾನಪದ ಶೈಲಿಯ ಗಾಯಕರೆಂದು ಹೆಸರಾಗಿದ್ದ ಬಾಬ್ ಡಿಲನ್ ವಿದ್ಯುತ್ ಗಿಟಾರ್ ಹಿಡಿದು ಬಂದಾಗ ಗ್ಯಾಲರಿಯಲ್ಲಿದ್ದ ಅನೇಕರು ಕೂಗಿ ಪ್ರತಿಭಟಿಸಿದ್ದರು. ಅದೇ ಬಡಾವಣೆಯ ಹೈಸ್ಕೂಲಿನಲ್ಲಿ ಓದಿದ ಪಾಲ್ ಸೈಮನ್ ಮತ್ತು ಆರ್ಟ್ ಗಾರ್‌ಫಂಕಲ್ ಜೋಡಿ ಬೇರೆಯಾಗುವ ಮುನ್ನ 1970ರ ಜುಲೈನಲ್ಲಿ ಕೊನೆಯದಾಗಿ ಜೊತೆಗೂಡಿ ಹಾಡಿದ್ದು ಇಲ್ಲಿ. ಗ್ಯಾಲರಿಯ ವಿನ್ಯಾಸ ಟೆನಿಸ್ ಚೆಂಡಿನ ಸದ್ದಿಗೆ ಹೊಂದುವಂತೆ ಸಂಗೀತಕ್ಕೂ ಹೊಂದುತ್ತಿತ್ತು: ಎಲ್ಲ ಆಸನಗಳೂ ಅಂಗಳಕ್ಕೆ ಹತ್ತಿರ, ಲಾಳದ ತೆರೆದ ತುದಿಯಲ್ಲಿ ವೇದಿಕೆಗೆ ಹೇಳಿಮಾಡಿಸಿದ ಜಾಗ, ನೂರಾರು ಮೀಟರ್ ದೂರದಲ್ಲಿ ರೈಲು ನಿಲ್ದಾಣ. ಕ್ಲಬ್ಬಿನವರು ಸಂಗೀತ ಕಾರ್ಯಕ್ರಮ ನಡೆಸುವವರೊಂದಿಗೆ ಒಪ್ಪಂದ ಮಾಡಿಕೊಂಡರು. 2013ರ ಆಗಸ್ಟ್ 28ರಂದು, ಅಂದರೆ ಬೀಟಲ್ಸ್ ಮತ್ತು ಡಿಲನ್ ಹಾಡಿದ ಅದೇ ತಾರೀಖಿನಂದು, ಮಮ್‌ಫರ್ಡ್ ಅಂಡ್ ಸನ್ಸ್ ತಂಡದ ಸಂಗೀತ ಕಛೇರಿಯೊಂದಿಗೆ ಕ್ರೀಡಾಂಗಣ ಮತ್ತೆ ತೆರೆಯಿತು. ರಿಪೇರಿ ಒಮ್ಮೆಲೇ ಮುಗಿಯಲಿಲ್ಲ. ಜನರನ್ನು ಕೂರಿಸಲು ಬೇಕಾದಷ್ಟನ್ನು ಮೊದಲು ಭದ್ರಗೊಳಿಸಿ, ಆದಾಯ ಬಂದಂತೆ ಉಳಿದದ್ದನ್ನು ಹಂತಹಂತವಾಗಿ ಸರಿಪಡಿಸುತ್ತಾ ಹೋದರು. 2016ರಲ್ಲಿ ಪಾಲ್ ಸೈಮನ್ ತಾವು ಓದಿ ಬೆಳೆದ ಈ ಸೀಮೆಗೆ ಮರಳಿ ಬಂದು ಹಾಡಿದರು.

ಈ ಒಪ್ಪಂದದ ಸ್ವರೂಪ ನಿಮಗೆ ಮುಖ್ಯ. ನೆಲ ಕ್ಲಬ್ಬಿನದೇ, ಕ್ರೀಡಾಂಗಣವೂ ಕ್ಲಬ್ಬಿನದೇ. ಕೊಟ್ಟದ್ದು ಬಳಕೆಯ ಹಕ್ಕನ್ನು ಮಾತ್ರ. ಮಾರಾಟದಿಂದ ಒಮ್ಮೆ ದೊಡ್ಡ ಮೊತ್ತ ಬರುತ್ತದೆ, ಆಮೇಲೆ ಕೇಳುವ ಹಕ್ಕೇ ಉಳಿಯುವುದಿಲ್ಲ. ಬಳಕೆಯ ಹಕ್ಕಿನಿಂದ ವರ್ಷವರ್ಷ ಸಣ್ಣ ಮೊತ್ತ ಬರುತ್ತದೆ, ಜೊತೆಗೆ ಷರತ್ತು ವಿಧಿಸುವ, ಬೇಡವೆನಿಸಿದರೆ ನಿಲ್ಲಿಸುವ ಅಧಿಕಾರ ಕೈಯಲ್ಲಿರುತ್ತದೆ. ವೃದ್ಧಾಪ್ಯಕ್ಕೆ ತೋಟವನ್ನು ಮಾರುವುದಕ್ಕೂ ಫಸಲನ್ನು ಗುತ್ತಿಗೆ ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮಲೆನಾಡಿನ ಯಾವ ಹಿಡುವಳಿದಾರನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ದಾರಿಯೂ ಇದೆ, ಅದನ್ನು ತುಳಿದದ್ದು ಫಾರೆಸ್ಟ್ ಹಿಲ್ಸಿಗೆ ಚಾಂಪಿಯನ್‌ಷಿಪ್ಪನ್ನು ಕಳೆದುಕೊಂಡ ನ್ಯೂಪೋರ್ಟ್. 1880ರಲ್ಲಿ ಮೆಕಿಮ್, ಮೀಡ್ ಅಂಡ್ ವೈಟ್ ಸಂಸ್ಥೆಯ ವಾಸ್ತುಶಿಲ್ಪಿಗಳು ಕಟ್ಟಿದ ನ್ಯೂಪೋರ್ಟ್ ಕ್ಯಾಸಿನೊ (ಹೆಸರು ಹೀಗಿದ್ದರೂ ಜೂಜಿನ ಮನೆಯಲ್ಲ, ಚಾಂಪಿಯನ್‌ಷಿಪ್ಪು ನಡೆಯುತ್ತಿದ್ದ ಕ್ಲಬ್ಬು) 1950ರ ದಶಕದ ಹೊತ್ತಿಗೆ ಕೆಡವುವ ಹಂತ ತಲುಪಿತ್ತು. ಟೈಬ್ರೇಕರ್ ಪದ್ಧತಿಯ ಜನಕರಾದ ಜಿಮ್ಮಿ ವ್ಯಾನ್ ಆಲೆನ್ ಅದನ್ನು ಉಳಿಸಿ, 1954ರಲ್ಲಿ ಅಲ್ಲಿ ಟೆನಿಸ್ಸಿನ ಕೀರ್ತಿಶಾಲೆಯನ್ನು (ಹಾಲ್ ಆಫ್ ಫೇಮ್), ಅಂದರೆ ಹೆಸರಾಂತ ಆಟಗಾರರ ನೆನಪಿನ ವಸ್ತುಸಂಗ್ರಹಾಲಯವನ್ನು, ಸ್ಥಾಪಿಸಿದರು. ಅಲ್ಲಿನ ಹಳೆಯ ಒಳಾಂಗಣ ಟೆನಿಸ್ ಅಂಕಣ 1980ರಲ್ಲಿ ಮತ್ತೆ ತೆರೆಯಿತು. ಸುಂದರವಾದ ಕೆಲಸ, ಸಂದೇಹವಿಲ್ಲ. ಆದರೆ ಸಿರಿವಂತ ಪೋಷಕರೊಬ್ಬರಿಲ್ಲದೆ, ದೇಶದ ಮೊದಲ ಚಾಂಪಿಯನ್‌ಷಿಪ್ಪಿನ ಹೆಗ್ಗಳಿಕೆಯಿಲ್ಲದೆ ವಸ್ತುಸಂಗ್ರಹಾಲಯದ ದಾರಿ ಹಿಡಿಯುವುದು ಕಷ್ಟ. ಜಿಲ್ಲಾ ಕೇಂದ್ರದ ಕ್ಲಬ್ಬೊಂದರ ಗೋಡೆಯ ಮೇಲಿನ ಟ್ರೋಫಿಗಳನ್ನು ಹಣ ಕೊಟ್ಟು ನೋಡುವವರು ಎಷ್ಟು ಮಂದಿ ಸಿಗುತ್ತಾರೆ? ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿಹೋದದ್ದು ದಾಖಲಾಗಿದೆ. ಬಂದ ಅತಿಥಿಗಳಿಗೆ ತೋರಿಸಲು ಅದು ಚೆನ್ನಾಗಿದೆ, ಆದರೆ ಅಂಥ ಸ್ವಾರಸ್ಯಗಳು ಯಾವ ಕ್ಲಬ್ಬಿನ ಛಾವಣಿಯನ್ನೂ ರಿಪೇರಿ ಮಾಡುವುದಿಲ್ಲ.

ಫಾರೆಸ್ಟ್ ಹಿಲ್ಸಿನ ಪುನರುಜ್ಜೀವನ ಸುಖಾಂತವಾಯಿತೆಂದು ಮಾತ್ರ ತಿಳಿಯಬೇಡಿ. ಮೊದಲ ವರ್ಷಗಳಲ್ಲಿ ಬೆರಳೆಣಿಕೆಯಷ್ಟಿದ್ದ ಕಾರ್ಯಕ್ರಮಗಳು ವರ್ಷಕ್ಕೆ ಹತ್ತನ್ನು ದಾಟಿದಾಗ ನೆರೆಯವರ ತಾಳ್ಮೆ ಕೆಟ್ಟಿತು. ಸದ್ದು, ಜನಜಂಗುಳಿ, ಕಸ, ಮನೆಗಳಲ್ಲಿ ನಡುಕ. ಕಾರ್ಯಕ್ರಮದ ದಿನ ಸುತ್ತಲ ರಸ್ತೆಗಳನ್ನು ಮುಚ್ಚಬೇಕು. ಆ ರಸ್ತೆಗಳು ಆರಂಭದಲ್ಲಿ ಹೇಳಿದಂತೆ ನಿವಾಸಿಗಳ ನಿಗಮದವು. ಜಗಳ ನ್ಯಾಯಾಲಯಕ್ಕೆ ಹೋಯಿತು, 2025ರ ವಸಂತದಲ್ಲಿ ಧ್ವನಿವರ್ಧಕದ ಪರವಾನಗಿ ಸಿಗುವುದೇ ಅನುಮಾನವೆನ್ನುವ ಸ್ಥಿತಿ ಬಂದಿತ್ತು. ಬಳಿಕ ಕಾರ್ಯಕ್ರಮಗಳು ನಡೆದವು. ಬಡಾವಣೆಯಲ್ಲಿಯೇ ಎರಡು ಪಕ್ಷಗಳಿವೆ. ಕ್ರೀಡಾಂಗಣಕ್ಕೆ ಬರುವ ಜನರಿಂದ ಸಮೀಪದ ಅಂಗಡಿ, ಹೋಟೆಲುಗಳಿಗೆ ಜೀವ ಬಂದಿದೆ ಎನ್ನುವವರು ಒಂದು ಕಡೆ, ನಾವು ಮನೆ ಕೊಂಡದ್ದು ತೋಟದ ಬಡಾವಣೆಯಲ್ಲಿಯೇ ಹೊರತು ಸಂಗೀತ ಸಭಾಂಗಣದಲ್ಲಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಅರವತ್ತರ ದಶಕದಲ್ಲೂ ಇದೇ ಅಂಗಳದಲ್ಲಿ ಸಂಗೀತವಿತ್ತು ಎಂಬ ಕ್ಲಬ್ಬಿನ ವಾದ ಚರಿತ್ರೆಯಾಗಿ ಸರಿ, ನೆರೆಹೊರೆಯ ಸೌಹಾರ್ದಕ್ಕೆ ಮಾತ್ರ ಸಾಲದು.

ಈಗ ನಿಮ್ಮ ಕ್ಲಬ್ಬಿನ ವಿಷಯ. ಮೊದಲು ನೋಡಬೇಕಾದದ್ದು ಗ್ಯಾಲರಿಯ ಬಿರುಕನ್ನಲ್ಲ, ನೆಲದ ಕಾಗದಪತ್ರವನ್ನು. ನಮ್ಮ ರಾಜ್ಯದ ಅನೇಕ ಹಳೆಯ ಕ್ಲಬ್ಬುಗಳು ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಗುತ್ತಿಗೆ ನೆಲದ ಮೇಲಿವೆ. ನಿಮ್ಮದೂ ಹಾಗಿದ್ದರೆ ಬಿಲ್ಡರಿಗೆ ಕೊಡುವ ಮಾತು ಕಾನೂನಿನ ಮುಂದೆ ನಿಲ್ಲುವುದೇ ಇಲ್ಲ, ಬದಲಿಗೆ ಗುತ್ತಿಗೆಯ ಷರತ್ತು ಮುರಿದ ಆರೋಪಕ್ಕೆ ಗುರಿಯಾಗಿ ಇಡೀ ಜಾಗವೇ ಕೈತಪ್ಪಬಹುದು. ಗುತ್ತಿಗೆ ಪತ್ರದಲ್ಲಿ ಬಳಕೆಯ ಉದ್ದೇಶವೆಂದು ಏನು ಬರೆದಿದೆ, ಅವಧಿ ಯಾವಾಗ ಮುಗಿಯುತ್ತದೆ, ಮರುಗುತ್ತಿಗೆಗೆ ಅವಕಾಶವಿದೆಯೇ ಎಂಬುದನ್ನು ವಕೀಲರಿಂದ ಲಿಖಿತವಾಗಿ ತಿಳಿದುಕೊಂಡ ನಂತರವೇ ಎರಡು ಗುಂಪಿನವರೂ ಮಾತು ಮುಂದುವರಿಸುವುದು ಲೇಸು. ಸ್ವಂತ ನೆಲವಾಗಿದ್ದರೆ, ಸ್ಥಿರಾಸ್ತಿ ವಿಲೇವಾರಿಯ ಬಗ್ಗೆ ನಿಮ್ಮ ಸಂಘದ ಬೈಲಾ ಏನು ಹೇಳುತ್ತದೆಂದು ನೋಡಿ. ಸಾಮಾನ್ಯ ಬಹುಮತ ಸಾಕೆಂದಿದ್ದರೆ, ಅದನ್ನು ಹೆಚ್ಚಿನ ಬಹುಮತಕ್ಕೆ ತಿದ್ದುಪಡಿ ಮಾಡುವ ನಿರ್ಣಯವನ್ನು ಮಾರಾಟದ ಪ್ರಸ್ತಾವಕ್ಕಿಂತ ಮೊದಲು ಸರ್ವಸದಸ್ಯರ ಸಭೆಯ ಮುಂದೆ ತನ್ನಿ.

ಎರಡನೆಯದಾಗಿ, ಗ್ಯಾಲರಿಯ ಸ್ಥಿತಿಯನ್ನು ರಚನಾ ಎಂಜಿನಿಯರ್ ಒಬ್ಬರಿಂದ ಈ ವರ್ಷವೇ ಪರೀಕ್ಷೆ ಮಾಡಿಸಿ. ಪಾರಂಪರಿಕ ಮಾನ್ಯತೆಗೆ ಅರ್ಜಿ ಹಾಕುವುದಿದ್ದರೂ, ಬಾಡಿಗೆಗೆ ಕೊಡುವುದಿದ್ದರೂ, ಕೊನೆಗೆ ಕೆಡವುವುದಿದ್ದರೂ ಈ ವರದಿ ಬೇಕೇಬೇಕು. ಕಂಬ, ತೊಲೆಗಳ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಸಿಡಿಯುತ್ತಿದ್ದರೆ ಪ್ರತಿ ಮಳೆಗಾಲವೂ ರಿಪೇರಿಯ ವೆಚ್ಚವನ್ನು ಏರಿಸುತ್ತದೆ. ನೀರು ಇಳಿಯದಂತೆ ತಡೆಯುವ ಕೆಲಸಕ್ಕೆ ಯಾರ ಮಾನ್ಯತೆಯೂ ಬೇಕಿಲ್ಲ.

ಮೂರನೆಯ ವಿಷಯವನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಹೇಳಬೇಕು. ನಿಮ್ಮ ಪತ್ರದಲ್ಲಿ ಸದಸ್ಯರು ಕಡಿಮೆಯಾದ ಮಾತಿದೆ, ಊರಿನ ಮಕ್ಕಳ ಮಾತು ಒಂದು ಸಾಲಿನಲ್ಲೂ ಇಲ್ಲ. ಬೆಳಗಿನ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನಮ್ಮ ಬಹುತೇಕ ಕ್ಲಬ್ಬುಗಳ ಅಂಕಣಗಳು ಖಾಲಿ ಬಿದ್ದಿರುತ್ತವೆ. ಆ ಹೊತ್ತನ್ನು ಶಾಲೆಗಳಿಗೆ, ತರಬೇತಿ ಶಿಬಿರಗಳಿಗೆ, ಸದಸ್ಯರಲ್ಲದವರಿಗೆ ಗಂಟೆಯ ಲೆಕ್ಕದಲ್ಲಿ ತೆರೆಯುವುದಕ್ಕೆ ಹೆಚ್ಚು ಬಂಡವಾಳ ಬೇಡ. ಸಮಿತಿಯ ಹಿರಿಯರ ಮನಸ್ಸು ಬೇಕು. ಸದಸ್ಯತ್ವದ ಶಿಫಾರಸು ಪದ್ಧತಿಯನ್ನೂ ಒಮ್ಮೆ ತೆರೆದ ಕಣ್ಣಿನಿಂದ ನೋಡಿ. ಇಬ್ಬರು ಹಿರಿಯ ಸದಸ್ಯರ ಸಹಿ ಬೇಕೆಂಬ ನಿಯಮ ನೋಡಲು ನಿರುಪದ್ರವಿ. ಆದರೆ ಊರಿನ ಯಾವ ಯಾವ ಕೇರಿಗಳಿಂದ ಇದುವರೆಗೆ ಒಬ್ಬರೂ ಬಂದಿಲ್ಲವೆಂದು ಪಟ್ಟಿ ಮಾಡಿದರೆ ಆ ಸಹಿಗಳು ಮಾಡುತ್ತಿರುವ ಕೆಲಸ ತಿಳಿಯುತ್ತದೆ. ಪಾರಂಪರಿಕ ಮಾನ್ಯತೆಗೆ ಊರಿನ ಬೆಂಬಲ ಕೇಳಲು ಹೊರಟಾಗ, ಎಂದೂ ಒಳಗೆ ಬಿಡದ ಜಾಗವನ್ನು ನಾವೇಕೆ ಉಳಿಸಬೇಕೆಂದು ಜನ ಕೇಳುತ್ತಾರೆ, ಕೇಳಬೇಕು ಕೂಡ.

ಗ್ಯಾಲರಿಯನ್ನು ಸಂಗೀತಕ್ಕೋ ನಾಟಕಕ್ಕೋ ಯಕ್ಷಗಾನಕ್ಕೋ ಕೊಡುವ ಯೋಚನೆ ಬಂದರೆ, ಮೊದಲ ಟಿಕೆಟ್ ಅಚ್ಚಾಗುವ ಮುನ್ನವೇ ಅಕ್ಕಪಕ್ಕದ ಮನೆಯವರೊಂದಿಗೆ ಕುಳಿತು ಮಾತನಾಡಿ. ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ ನೂರು ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ನಿಮ್ಮ ಕ್ಲಬ್ಬು ಜಿಲ್ಲಾ ಆಸ್ಪತ್ರೆಯ ಅಥವಾ ನ್ಯಾಯಾಲಯದ ಪಕ್ಕದಲ್ಲಿದ್ದರೆ, ಹಳೆಯ ಸಿವಿಲ್ ಲೈನ್ಸ್ ಪ್ರದೇಶಗಳಲ್ಲಿ ಹಾಗಿರುವ ಸಾಧ್ಯತೆಯೇ ಹೆಚ್ಚು, ಸಂಗೀತದ ಯೋಜನೆಯನ್ನು ಈಗಲೇ ಕೈಬಿಟ್ಟು ಹಗಲಿನ ಬಳಕೆಗಳನ್ನು ಯೋಚಿಸಿ. ಹಾಗಿಲ್ಲದಿದ್ದರೆ, ವರ್ಷಕ್ಕೆ ಎಷ್ಟು ಕಾರ್ಯಕ್ರಮ, ಎಷ್ಟು ಗಂಟೆಗೆ ಮುಕ್ತಾಯ, ವಾಹನಗಳು ನಿಲ್ಲುವುದೆಲ್ಲಿ, ಮರುದಿನ ಬೆಳಗ್ಗೆ ರಸ್ತೆ ಗುಡಿಸುವವರು ಯಾರು ಎಂಬ ನಾಲ್ಕು ಸಂಗತಿಗಳನ್ನು ನಿವಾಸಿಗಳ ಸಂಘದೊಂದಿಗೆ ಕಾಗದದ ಮೇಲೆ ಬರೆದು ಸಹಿ ಮಾಡಿಕೊಳ್ಳಿ, ಮತ್ತು ಆ ಸಂಖ್ಯೆಯನ್ನು ಹೆಚ್ಚಿಸಬೇಕಾದಾಗ ಅವರ ಒಪ್ಪಿಗೆ ಬೇಕೆಂಬ ಷರತ್ತನ್ನು ನೀವೇ ಮುಂದಾಗಿ ಸೇರಿಸಿ.